ಜನರೇ ತಿದ್ದುವ ಗೇಮ್ ಡೇಟಾಬೇಸ್: ಎಂಟ್ರಿಯಿಂದ ಮರ್ಜ್‌ವರೆಗೆ

ಜನರೇ ಸೇರಿ ತಿದ್ದುವ ಗೇಮ್ ಡೇಟಾಬೇಸ್‌ನಲ್ಲಿ ಹೊಸ ಎಂಟ್ರಿ ಹಾಕುವವರಿಗೆ ಬರವಿಲ್ಲ. ಆಟ ಘೋಷಣೆಯಾದ ಹತ್ತು ನಿಮಿಷಕ್ಕೆ ಅದರ ಪುಟ ಎದ್ದಿರುತ್ತದೆ, ಕೆಲವೊಮ್ಮೆ ಎರಡು. ಬರವಿರುವುದು ಹಳೆಯ ಎಂಟ್ರಿ ತೆರೆದು ‘ಈ ದಿನಾಂಕ ಎಲ್ಲಿಂದ ಬಂತು?’ ಎಂದು ಕೇಳುವವರಿಗೆ. ಖಾಲಿ ಕಾಲಂ ಕಂಡರೆ ಯಾರಾದರೂ ಒಂದು ದಿನ ತುಂಬುತ್ತಾರೆ. ಊಹೆಯಿಂದ ತುಂಬಿದ ಕಾಲಂ ಸರಿಯಾದದ್ದರ ಹಾಗೇ ಕಾಣುತ್ತದೆ, ಆದ್ದರಿಂದ ಅದನ್ನು ಯಾರೂ ಮುಟ್ಟುವುದಿಲ್ಲ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಆ ಎರಡನೆಯ ಬಗೆಯ ತಪ್ಪನ್ನು ತಡೆಯುವ, ಹಿಡಿಯುವ, ತಿದ್ದುವ ಬಗ್ಗೆ.

1. ‘ಒಂದು ಆಟ’ ಅಂದರೆ ಏನು ಎಂದು ಬರೆದಿಡಿ

ಫೈನಲ್ ಫ್ಯಾಂಟಸಿ ಸರಣಿಯ ಆರನೆಯ ಆಟ 1994ರಲ್ಲಿ ಜಪಾನಿನಲ್ಲಿ ಆರು ಎಂದೇ ಬಂತು. ಅದೇ ವರ್ಷ ಉತ್ತರ ಅಮೆರಿಕದಲ್ಲಿ ಅದರ ಪೆಟ್ಟಿಗೆಯ ಮೇಲಿದ್ದದ್ದು ಮೂರು. ಸೂಪರ್ ಮಾರಿಯೋ ಬ್ರದರ್ಸ್ 2 ಇನ್ನೂ ತೊಡಕಿನದು. 1986ರಲ್ಲಿ ಜಪಾನಿನಲ್ಲಿ ಆ ಹೆಸರಿನಿಂದ ಬಂದದ್ದು ಒಂದು ಆಟ; 1988ರಲ್ಲಿ ಅಮೆರಿಕದಲ್ಲಿ ಅದೇ ಹೆಸರಿನಿಂದ ಬಂದದ್ದು ಡೋಕಿ ಡೋಕಿ ಪ್ಯಾನಿಕ್ ಎಂಬ ಜಪಾನಿ ಆಟವನ್ನು ತಿದ್ದಿ ಮಾಡಿದ ಬೇರೆಯೇ ಆಟ. ಈ ಎರಡನೆಯದು 1992ರಲ್ಲಿ ಸೂಪರ್ ಮಾರಿಯೋ ಯುಎಸ್‌ಎ ಎಂಬ ಹೆಸರು ಹೊತ್ತು ಜಪಾನಿಗೆ ಮರಳಿತು. ಮೊದಲನೆಯದು 1993ರ ಸಂಕಲನವೊಂದರಲ್ಲಿ ದಿ ಲಾಸ್ಟ್ ಲೆವೆಲ್ಸ್ ಆಗಿ ಅಮೆರಿಕ ಸೇರಿತು. ಹೆಸರನ್ನೇ ನಂಬಿ ಎಂಟ್ರಿ ಮಾಡುವವರ ಕೈಯಲ್ಲಿ ಈ ಎರಡು ಆಟ ಒಂದಾಗುತ್ತವೆ, ಇಲ್ಲವೇ ನಾಲ್ಕಾಗುತ್ತವೆ.

ಇದಕ್ಕೆ ಮದ್ದು ಮೂರು ಮಟ್ಟದ ದಾಖಲೆ. ಮೇಲಿನದು ಆಟ: ಕಲ್ಪನೆಯಾಗಿ ಒಂದೇ ಆಗಿರುವುದು. ಅದರ ಕೆಳಗೆ ಆವೃತ್ತಿ: ಒಂದು ಪ್ಲಾಟ್‌ಫಾರ್ಮ್‌ಗೆಂದು (ಆಟ ಓಡುವ ಕನ್ಸೋಲ್ ಅಥವಾ ಕಂಪ್ಯೂಟರ್) ಬರೆದ ಪ್ರೋಗ್ರಾಂ. ಅದರ ಕೆಳಗೆ ಬಿಡುಗಡೆ: ಒಂದು ಪ್ರದೇಶದಲ್ಲಿ, ಒಂದು ದಿನ, ಒಂದು ಹೆಸರಿನಲ್ಲಿ, ಒಂದು ಬಾರ್‌ಕೋಡ್‌ನೊಂದಿಗೆ ಮಾರಾಟಕ್ಕೆ ಬಂದ ವಸ್ತು. ಸಂಗೀತದ ಇಂಥದೇ ಡೇಟಾಬೇಸ್ ಆದ ಮ್ಯೂಸಿಕ್‌ಬ್ರೇನ್ಜ್ ‘ರಿಲೀಸ್ ಗ್ರೂಪ್’ ಮತ್ತು ‘ರಿಲೀಸ್’ ಎಂದು ಬೇರೆ ಮಾಡಿರುವುದು ಇದೇ ಕಾರಣಕ್ಕೆ. ಮೂರು ಮಟ್ಟ ಭಾರ ಅನ್ನಿಸಿದರೆ ಎರಡಾದರೂ ಇರಲಿ. ಒಂದೇ ಮಟ್ಟದಲ್ಲಿ ಶುರುಮಾಡಿ ಐವತ್ತು ಸಾವಿರ ಎಂಟ್ರಿ ಆದಮೇಲೆ ಬೇರ್ಪಡಿಸಲು ಹೊರಟರೆ, ಯಾವ ದಿನಾಂಕ ಯಾವ ಪ್ರದೇಶದ್ದು ಎಂಬುದೇ ಯಾರಿಗೂ ತಿಳಿಯದ ಸ್ಥಿತಿ ಬಂದಿರುತ್ತದೆ.

ಆಮೇಲೆ ಗಡಿ ಪ್ರಕರಣಗಳಿಗೆ ಒಂದೊಂದು ಸಾಲಿನ ನಿಯಮ. ಪೋರ್ಟ್ (ಬೇರೆ ಪ್ಲಾಟ್‌ಫಾರ್ಮ್‌ಗೆ ಒಗ್ಗಿಸಿದ್ದು) ಆದರೆ ಅದೇ ಆಟದ ಹೊಸ ಆವೃತ್ತಿ. ರೀಮಾಸ್ಟರ್ (ಹಳೆಯದರ ಚಿತ್ರ, ಧ್ವನಿಗೆ ಹೊಳಪು ಕೊಟ್ಟದ್ದು) ಕೂಡ ಹಾಗೇ. ರೀಮೇಕ್ ಹೊಸ ಆಟ, ಹಳೆಯದಕ್ಕೆ ಕೊಂಡಿ. 2005ರ ರೆಸಿಡೆಂಟ್ ಈವಿಲ್ 4 ಮತ್ತು 2023ರದ್ದು ಎರಡು ಎಂಟ್ರಿ. ಸಂಕಲನಕ್ಕೆ ತನ್ನದೇ ಎಂಟ್ರಿ, ಒಳಗಿನ ಆಟಗಳ ಪಟ್ಟಿಯೊಂದಿಗೆ. ಡಿಎಲ್‌ಸಿಗೆ (ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಭಾಗ) ‘ಮೂಲ ಆಟ’ ಎಂಬ ಕಾಲಂ ಕಡ್ಡಾಯ. ಮಾಡ್ (ಆಟಗಾರರೇ ತಿದ್ದಿದ ರೂಪ) ಮತ್ತು ಡೆಮೋ ಸೇರಿಸಬೇಕೇ ಬೇಡವೇ ಎನ್ನುವುದು ನಿಮ್ಮ ಇಷ್ಟ. ಒಮ್ಮೆ ತೀರ್ಮಾನಿಸಿದ ಮೇಲೆ ಅದನ್ನು ನಿಯಮ ಪುಟದಲ್ಲಿ ಹಾಕಿ, ಇಲ್ಲದಿದ್ದರೆ ಪ್ರತಿ ತಿಂಗಳೂ ಅದೇ ಜಗಳ. ರೀಮಾಸ್ಟರ್ ಮತ್ತು ರೀಮೇಕ್ ನಡುವಿನ ಗೆರೆ ಎಲ್ಲರಿಗೂ ಒಪ್ಪುವಂತೆ ಎಳೆಯಲು ಆಗದು. ‘ಕೋಡ್ ಹೊಸದಾಗಿ ಬರೆದಿದ್ದರೆ ರೀಮೇಕ್’ ಎಂಬ ಒರಟು ನಿಯಮ ಸಾಕು, ಮಿಕ್ಕದ್ದು ಚರ್ಚೆಗೆ ಬಿಡಿ.

ಹೆಸರು, ಕನ್ಸೋಲ್, ವರ್ಷ ಮೂರೂ ಒಂದೇ ಇದ್ದರೂ ಆಟ ಒಂದೇ ಆಗಿರಬೇಕಿಲ್ಲ. 1989ರಲ್ಲಿ ನಿಂಟೆಂಡೋದ ಎನ್‌ಇಎಸ್ ಕನ್ಸೋಲ್‌ಗೆ ಎರಡು ಟೆಟ್ರಿಸ್ ಬಂದವು: ಒಂದು ಟೆಂಗೆನ್‌ನದು, ಇನ್ನೊಂದು ನಿಂಟೆಂಡೋದ್ದೇ. ಟೆಂಗೆನ್‌ನದನ್ನು ಕೋರ್ಟ್ ಆದೇಶದಿಂದ ಅಂಗಡಿಗಳಿಂದ ಹಿಂದೆಗೆಯಬೇಕಾಯಿತು. ಪ್ರೋಗ್ರಾಂ ಬೇರೆ, ಪ್ರಕಾಶಕರು ಬೇರೆ. ನಕಲು ಹುಡುಕುವ ಯಾವ ಸ್ಕ್ರಿಪ್ಟ್ ಆದರೂ ಇವೆರಡನ್ನು ಒಂದೇ ಅನ್ನುತ್ತದೆ.

2. ಐಡಿ: ಒಮ್ಮೆ ಕೊಟ್ಟದ್ದು ಕೊಟ್ಟದ್ದೇ

ಆಟದ ಹೆಸರನ್ನೇ ಐಡಿ ಮಾಡಬೇಡಿ. ಡೂಮ್ 1993ರಲ್ಲೂ ಇದೆ, 2016ರಲ್ಲೂ ಇದೆ. ಅರ್ಥವಿಲ್ಲದ ಒಂದು ಸಂಖ್ಯೆ ಅಥವಾ ಯುಯುಐಡಿ (ಕಂಪ್ಯೂಟರ್ ಹುಟ್ಟಿಸುವ, ಮತ್ತೊಂದಕ್ಕೆ ಬಾರದ ಉದ್ದ ಗುರುತು) ಕೊಡಿ. ಓದಲು ಚೆಂದವಾದ ವಿಳಾಸ ಬೇಕಿದ್ದರೆ ಸಂಖ್ಯೆಯ ಹಿಂದೆ ಹೆಸರು ಅಂಟಿಸಿ, ಆದರೆ ಸರ್ವರ್ ಓದುವುದು ಸಂಖ್ಯೆಯನ್ನು ಮಾತ್ರ. ಎಂಟ್ರಿ ಅಳಿಸಿದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬೇಡಿ. ಎರಡು ಎಂಟ್ರಿ ಮರ್ಜ್ ಆದರೆ, ಅಂದರೆ ಒಂದಾಗಿ ಸೇರಿದರೆ, ಸೋತ ಐಡಿ ಗೆದ್ದ ಐಡಿಗೆ ಶಾಶ್ವತವಾಗಿ ಕಳಿಸಬೇಕು. ನಿಮ್ಮ ಡೇಟಾ ಬಳಸುವ ಲಾಂಚರ್ ಆಗಲಿ ಆ್ಯಪ್ ಆಗಲಿ ಆ ಹಳೆಯ ಸಂಖ್ಯೆಯನ್ನು ವರ್ಷಗಟ್ಟಲೆ ಇಟ್ಟುಕೊಂಡಿರುತ್ತದೆ.

ಹೊರಗಿನ ಐಡಿಗಳು ಮಟ್ಟ ನೋಡಿ ಕೂರಬೇಕು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಪೋರ್ಟಲ್ ಎಂಬ ಆಟದ ಸಂಖ್ಯೆ 400, ಪೋರ್ಟಲ್ 2ರದ್ದು 620. ಆದರೆ ಸ್ಟೀಮ್ ಇದೇ ಸಾಲಿನ ಸಂಖ್ಯೆಗಳನ್ನು ಡೆಮೋ, ಸೌಂಡ್‌ಟ್ರ್ಯಾಕ್, ಡಿಎಲ್‌ಸಿ, ಸರ್ವರ್ ಸಾಫ್ಟ್‌ವೇರ್‌ಗೂ ಕೊಡುತ್ತದೆ. ಇದು ಗೊತ್ತಿಲ್ಲದೆ ರಾಶಿಯಾಗಿ ಇಂಪೋರ್ಟ್ ಮಾಡಿದ ಡೇಟಾಬೇಸ್‌ನಲ್ಲಿ ಸಂಗೀತದ ಆಲ್ಬಂಗಳು ‘ಆಟ’ಗಳಾಗಿ ಕೂತಿರುತ್ತವೆ.

ಪ್ಲೇಸ್ಟೇಷನ್ ಡಿಸ್ಕ್‌ಗಳ ಸೀರಿಯಲ್ ಬಿಡುಗಡೆ ಮಟ್ಟದ್ದು. ಎಸ್‌ಎಲ್‌ಯುಎಸ್, ಎಸ್‌ಸಿಯುಎಸ್ ಎಂದು ಶುರುವಾದರೆ ಅಮೆರಿಕ. ಎಸ್‌ಎಲ್‌ಇಎಸ್, ಎಸ್‌ಸಿಇಎಸ್ ಯುರೋಪ್. ಎಸ್‌ಎಲ್‌ಪಿಎಸ್, ಎಸ್‌ಸಿಪಿಎಸ್ ಜಪಾನ್. ಡಿಸ್ಕ್ ಹಲವಿದ್ದರೆ ಸೀರಿಯಲ್ ಕೂಡ ಹಲವು: ಅಮೆರಿಕದ ಫೈನಲ್ ಫ್ಯಾಂಟಸಿ 7ರ ಮೂರು ಡಿಸ್ಕ್‌ಗಳ ಮೇಲೆ ಎಸ್‌ಸಿಯುಎಸ್ 94163, 94164, 94165 ಎಂದಿದೆ. ಸೀರಿಯಲ್ ಕಾಲಂ ಒಂದೇ ಮೌಲ್ಯ ಹಿಡಿಯುವಂತಿದ್ದರೆ ಎರಡನೆಯ ಡಿಸ್ಕ್ ಕೈಯಲ್ಲಿ ಹಿಡಿದವರು ಮೊದಲನೆಯದನ್ನು ‘ತಿದ್ದಿ’ಬಿಡುತ್ತಾರೆ.

ಬಾರ್‌ಕೋಡ್‌ಗೆ ಕೊನೆಯ ಅಂಕಿಯ ಪರೀಕ್ಷೆ ಹಾಕಿ, ಟೈಪಿಂಗ್ ತಪ್ಪುಗಳು ಬಾಗಿಲಲ್ಲೇ ನಿಲ್ಲುತ್ತವೆ. ಹದಿಮೂರು ಅಂಕಿಯ ಕೋಡ್‌ನಲ್ಲಿ ಮೊದಲ ಹನ್ನೆರಡನ್ನು ತೆಗೆದುಕೊಳ್ಳಿ. ಉದಾಹರಣೆಗೆ 123456789012. ಬೆಸ ಸ್ಥಾನದವು: 1+3+5+7+9+1, ಒಟ್ಟು 26. ಸಮ ಸ್ಥಾನದವು: 2+4+6+8+0+2, ಒಟ್ಟು 22, ಇದನ್ನು ಮೂರರಿಂದ ಗುಣಿಸಿದರೆ 66. ಕೂಡಿದರೆ 92. ಮುಂದಿನ ಹತ್ತರ ಗುಣಕ 100ಕ್ಕೆ 8 ಕಡಿಮೆ, ಆದ್ದರಿಂದ ಹದಿಮೂರನೆಯ ಅಂಕಿ 8. ಅಮೆರಿಕದ ಹನ್ನೆರಡು ಅಂಕಿಯ ಕೋಡ್‌ಗೆ ಮುಂದೆ ಒಂದು ಸೊನ್ನೆ ಸೇರಿಸಿ ಇದೇ ಲೆಕ್ಕ ಮಾಡಬಹುದು. ಬಾರ್‌ಕೋಡನ್ನು ಪಠ್ಯವಾಗಿಯೇ ಉಳಿಸಿ. ಸಂಖ್ಯೆಯಾಗಿ ಉಳಿಸಿದರೆ ಆ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಮತ್ತೆ ಉಳಿಸಿದರೂ ಹಾಗೇ ಆಗುತ್ತದೆ, ಅದು ಎಷ್ಟು ಸಲ ಆದರೂ ಜನ ಮರೆಯುತ್ತಾರೆ.

3. ಹೆಸರು ಮತ್ತು ಅಕ್ಷರ

ಪೆಟ್ಟಿಗೆ ಅಥವಾ ಟೈಟಲ್ ಸ್ಕ್ರೀನ್ ಮೇಲಿರುವ ಹಾಗೆ ಮೂಲ ಲಿಪಿಯ ಹೆಸರು, ಅದರ ಲಿಪ್ಯಂತರ, ಪ್ರದೇಶವಾರು ಹೆಸರುಗಳು, ಅಡ್ಡ ಹೆಸರುಗಳು: ಇವೆಲ್ಲ ಬೇರೆ ಬೇರೆ ಸಾಲುಗಳಾಗಿರಲಿ, ಪ್ರತಿಯೊಂದಕ್ಕೂ ಭಾಷೆ ಮತ್ತು ಪ್ರದೇಶದ ಗುರುತಿರಲಿ. ಲೋಗೋದಲ್ಲಿ ಎಲ್ಲ ದೊಡ್ಡಕ್ಷರ ಇದೆ ಎಂದು ಹೆಸರನ್ನೂ ಹಾಗೇ ಬರೆಯುವವರು ಇದ್ದೇ ಇರುತ್ತಾರೆ. ಅದು ವಿನ್ಯಾಸವೇ ಹೊರತು ಹೆಸರಲ್ಲ ಎಂದು ನಿಯಮದಲ್ಲಿ ಹೇಳಿ.

ಕಣ್ಣಿಗೆ ಒಂದೇ ಆಗಿ ಕಂಡು ಕಂಪ್ಯೂಟರ್‌ಗೆ ಬೇರೆಯಾಗಿರುವ ಹೆಸರುಗಳೇ ದೊಡ್ಡ ತಲೆನೋವು. ಕನ್ನಡದ್ದೇ ನೋಡಿ. ‘ಕೋ’ ಎಂಬುದನ್ನು ‘ಕ’ ಮತ್ತು ಓ ಸ್ವರಚಿಹ್ನೆ ಎಂಬ ಎರಡು ಸಂಕೇತದಲ್ಲೂ ಬರೆಯಬಹುದು, ‘ಕ’, ಎ ಚಿಹ್ನೆ, ಊ ಚಿಹ್ನೆ, ದೀರ್ಘ ಎಂಬ ನಾಲ್ಕರಲ್ಲೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು, ಹುಡುಕಾಟದಲ್ಲಿ ಮಾತ್ರ ಒಂದು ಸಿಕ್ಕರೆ ಇನ್ನೊಂದು ಸಿಗದು. ಉಳಿಸುವ ಮೊದಲು ಎಲ್ಲ ಪಠ್ಯವನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಬರಹವನ್ನು ಒಂದೇ ಸಂಕೇತಕ್ಕೆ ತರುವ ರೂಪ) ತಂದರೆ ಇದು ಮುಗಿಯಿತು. ಇನ್ನೊಂದು ಇದರಿಂದ ಮುಗಿಯುವುದಿಲ್ಲ: ‘ಪ್ಲೇಸ್ಟೇಷನ್’ ಎಂದು ಒತ್ತಕ್ಷರದಲ್ಲಿ ಬರೆಯುವವರೂ ಇದ್ದಾರೆ, ‘ಪ್ಲೇಸ್‌ಟೇಷನ್’ ಎಂದು ಬಿಡಿಸಿ ಬರೆಯುವವರೂ ಇದ್ದಾರೆ. ಎರಡನೆಯದರಲ್ಲಿ ಸ್ ಮತ್ತು ಟೇ ನಡುವೆ ಕಣ್ಣಿಗೆ ಕಾಣದ, ಅಕ್ಷರ ಕೂಡದಂತೆ ತಡೆಯುವ ಒಂದು ಚಿಹ್ನೆ ಕೂತಿದೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಆದ್ದರಿಂದ ತೋರಿಸುವ ಹೆಸರು ಒಂದು, ಹುಡುಕುವ ಹೆಸರು ಇನ್ನೊಂದು ಎಂದು ಎರಡು ಕಾಲಂ ಇಡಿ. ಹುಡುಕುವ ಕಾಲಂನಲ್ಲಿ ಮಾತ್ರ ಆ ಚಿಹ್ನೆ ಕಿತ್ತುಹಾಕಿ, ಇನ್ನೂ ಹೆಚ್ಚು ಒಂದಾಗಿಸುವ ಎನ್‌ಎಫ್‌ಕೆಸಿ ರೂಪಕ್ಕೆ ತನ್ನಿ, ವಿರಾಮಚಿಹ್ನೆ ಅಳಿಸಿ. ಜಪಾನಿ ಶೀರ್ಷಿಕೆಗಳಲ್ಲಿ ಬರುವ ಅಗಲದ ಲ್ಯಾಟಿನ್ ಅಕ್ಷರ, ಒಂದೇ ಸಂಕೇತವಾಗಿರುವ ರೋಮನ್ ಅಂಕಿ ಇವೂ ಎನ್‌ಎಫ್‌ಕೆಸಿಯಲ್ಲಿ ಸಾಮಾನ್ಯ ಅಕ್ಷರವಾಗುತ್ತವೆ. ತೋರಿಸುವ ಕಾಲಂಗೆ ಇದನ್ನು ಮಾಡಬೇಡಿ, ಮಾಡಿದರೆ ಮೂಲ ಬರಹ ಹಾಳು.

4. ದಿನಾಂಕ

ಅತಿ ಹೆಚ್ಚು ತಪ್ಪು ಇರುವ ಕಾಲಂ ಇದು. ಹೆಚ್ಚಿನ ತಪ್ಪುಗಳು ಜನರದ್ದಲ್ಲ, ಕಾಲಂನದು. ಡೇಟಾಬೇಸ್ ಪೂರ್ಣ ದಿನಾಂಕವನ್ನೇ ಕೇಳಿದರೆ, ವರ್ಷ ಮಾತ್ರ ಗೊತ್ತಿರುವವರು ಜನವರಿ 1 ಎಂದು ಹಾಕುತ್ತಾರೆ. ಐದು ವರ್ಷದ ಮೇಲೆ ಅದು ನಿಜವಾದ ಜನವರಿ 1 ಆಗಿ ಬೇರೆ ಡೇಟಾಬೇಸ್‌ಗಳಿಗೆ ಹರಿದಿರುತ್ತದೆ. ದಿನಾಂಕದ ಪಕ್ಕದಲ್ಲಿ ನಿಖರತೆಯ ಕಾಲಂ ಇಡಿ: ದಿನ, ತಿಂಗಳು, ತ್ರೈಮಾಸಿಕ, ವರ್ಷ. ರೋಗ ಎಷ್ಟು ಹಬ್ಬಿದೆ ಎಂದು ನೋಡಲು ಜನವರಿ 1ರ ಎಂಟ್ರಿ ಎಷ್ಟಿವೆ, ಜನವರಿ 2ರವು ಎಷ್ಟಿವೆ ಎಂದು ಎಣಿಸಿ. ಮೊದಲನೆಯದು ಹತ್ತಾರು ಪಟ್ಟು ಇದ್ದರೆ ಹೆಚ್ಚಿನವು ವರ್ಷವಷ್ಟೇ ಗೊತ್ತಿದ್ದವು. ಪ್ರತಿ ತಿಂಗಳ 1ನೇ ತಾರೀಖನ್ನೂ ಹಾಗೇ ಪರೀಕ್ಷಿಸಿ. ಭವಿಷ್ಯದ ಆಟಗಳಿಗೆ ಡಿಸೆಂಬರ್ 31 ಇದ್ದರೆ ಅದು ಅಂಗಡಿಯವರು ಮುಂಗಡ ಬುಕಿಂಗ್‌ಗಾಗಿ ಹಾಕಿದ ಹುಸಿ ತಾರೀಖು ಎಂದುಕೊಳ್ಳುವುದೇ ಕ್ಷೇಮ.

03/04 ಎಂದು ಬರೆದದ್ದು ಮಾರ್ಚ್ 4ರೋ ಏಪ್ರಿಲ್ 3ರೋ ಎಂದು ಆಧಾರದ ದೇಶ ನೋಡದೆ ಹೇಳಲಾಗದು. ನಮೂದಿಸುವಾಗ ವರ್ಷ-ತಿಂಗಳು-ದಿನ ಕ್ರಮ ಮಾತ್ರ ಒಪ್ಪಿಕೊಳ್ಳಿ. ತೊಂಬತ್ತರ ದಶಕದ ಅಮೆರಿಕದ ಪತ್ರಿಕಾ ಪ್ರಕಟಣೆಗಳಲ್ಲಿ ಅನೇಕ ಸಲ ಇರುವುದು ಕಾರ್ಖಾನೆಯಿಂದ ಸರಕು ಹೊರಟ ದಿನ. ಅಂಗಡಿಗೆ ಬಂದದ್ದು ಒಂದೆರಡು ದಿನ ತಡವಾಗಿ. ಎರಡೂ ‘ಸರಿ’, ಬಗೆ ಬೇರೆ. ಹೀಗೆಯೇ ಅರ್ಲಿ ಆ್ಯಕ್ಸೆಸ್ (ಆಟ ಪೂರ್ತಿಯಾಗುವ ಮೊದಲೇ ಜನರಿಗೆ ಕೊಡುವುದು): ಮೈನ್‌ಕ್ರಾಫ್ಟ್ ಜನರ ಕೈಗೆ ಮೊದಲು ಸಿಕ್ಕಿದ್ದು 2009ರ ಮೇ ತಿಂಗಳಲ್ಲಿ, ಪೂರ್ಣ ಬಿಡುಗಡೆ 2011ರ ನವೆಂಬರ್ 18ರಂದು. ದಿನಾಂಕದ ಜೊತೆ ಬಗೆಯನ್ನೂ ಕೇಳಿದರೆ ಇಬ್ಬರು ಸಂಪಾದಕರು ಒಬ್ಬರನ್ನೊಬ್ಬರು ಅಳಿಸುತ್ತಾ ಕೂರುವುದು ತಪ್ಪುತ್ತದೆ. ಜಗತ್ತಿನಾದ್ಯಂತ ಒಂದೇ ಕ್ಷಣದಲ್ಲಿ ಬಿಡುಗಡೆಯಾಗುವ ಡಿಜಿಟಲ್ ಆಟಕ್ಕೆ ಎರಡು ತಾರೀಖು ಕಂಡರೆ ಕಾರಣ ಕಾಲವಲಯ. ಪ್ರಕಾಶಕರು ಘೋಷಿಸಿದ ದಿನವನ್ನು ಹಿಡಿಯಿರಿ.

ಡಿಜಿಟಲ್ ಅಂಗಡಿಯ ಪುಟದಲ್ಲಿರುವ ತಾರೀಖು ಹಳೆಯ ಆಟಗಳ ವಿಷಯದಲ್ಲಿ ಆ ಅಂಗಡಿಗೆ ಬಂದ ದಿನ ಆಗಿರಬಹುದು, ಮೂಲ ಬಿಡುಗಡೆಯ ದಿನವೂ ಆಗಿರಬಹುದು. ಅದನ್ನು ತುಂಬುವವರು ಪ್ರಕಾಶಕರೇ. ಸ್ಟೀಮ್ ಶುರುವಾದದ್ದು 2003ರಲ್ಲಿ, ಆದ್ದರಿಂದ ಅದಕ್ಕಿಂತ ಹಿಂದಿನ ತಾರೀಖು ಸ್ಟೀಮ್ ಪುಟದಲ್ಲಿದ್ದರೆ ಅದು ಸ್ಟೀಮ್ ಬಿಡುಗಡೆಯಂತೂ ಅಲ್ಲ.

5. ಕಂಪನಿ ಮತ್ತು ಜನ

ಅಟಾರಿ ಎಂಬ ಒಂದೇ ಕಂಪನಿ ನಿಮ್ಮ ಪಟ್ಟಿಯಲ್ಲಿದ್ದರೆ ಅದು ತಪ್ಪು. 1972ರಲ್ಲಿ ಹುಟ್ಟಿದ ಅಟಾರಿ 1984ರಲ್ಲಿ ಇಬ್ಭಾಗವಾಯಿತು: ಮನೆಬಳಕೆಯ ಕಂಪ್ಯೂಟರ್, ಕನ್ಸೋಲ್ ಭಾಗ ಅಟಾರಿ ಕಾರ್ಪೊರೇಷನ್ ಆಯಿತು, ಆರ್ಕೇಡ್ ಭಾಗ ಅಟಾರಿ ಗೇಮ್ಸ್ ಆಯಿತು. ಮೇಲೆ ಹೇಳಿದ ಟೆಂಗೆನ್ ಈ ಅಟಾರಿ ಗೇಮ್ಸ್‌ನ ಕೂಸು. 2003ರಲ್ಲಿ ಇನ್ಫೋಗ್ರಾಮ್ಸ್‌ನ ಅಮೆರಿಕದ ಕಂಪನಿ ಅದೇ ಹೆಸರು ಇಟ್ಟುಕೊಂಡಿತು. ಪ್ರತಿಯೊಂದಕ್ಕೂ ಬೇರೆ ಎಂಟ್ರಿ, ಆರಂಭ ಮತ್ತು ಅಂತ್ಯದ ವರ್ಷ, ‘ಯಾರಿಂದ ಬಂತು, ಯಾರಾಯಿತು’ ಎಂಬ ಕೊಂಡಿ ಇರಬೇಕು. ಆಟದ ಎಂಟ್ರಿಯಲ್ಲಿ ಆ ಕಾಲದ ಹೆಸರು: ಸ್ಕ್ವೇರ್ ಮತ್ತು ಎನಿಕ್ಸ್ ಒಂದಾದದ್ದು 2003ರ ಏಪ್ರಿಲ್ 1ರಂದು, ಹಾಗಾಗಿ 1997ರ ಆಟಕ್ಕೆ ಸ್ಕ್ವೇರ್ ಎನಿಕ್ಸ್ ಎಂದು ಬರೆಯುವಂತಿಲ್ಲ.

ಕೆಲಸ ಮಾಡಿದವರ ಪಟ್ಟಿಯನ್ನು ಪರದೆಯ ಮೇಲಿರುವ ಹಾಗೇ ಇಳಿಸಿ, ಕಾಗುಣಿತ ತಪ್ಪೂ ಸೇರಿ. ‘ಹೀಗೆ ನಮೂದಾಗಿದೆ’ ಎಂಬ ಕಾಲಂನಲ್ಲಿ ಅಡ್ಡಹೆಸರು, ವ್ಯಕ್ತಿಯ ಎಂಟ್ರಿಗೆ ಕೊಂಡಿ ಬೇರೆ ಕಾಲಂನಲ್ಲಿ. ಎಂಬತ್ತರ ದಶಕದ ಜಪಾನಿ ಆಟಗಳಲ್ಲಿ ಅಡ್ಡಹೆಸರು ಧಾರಾಳ, ಏಕೆಂದರೆ ಬೇರೆ ಕಂಪನಿಯವರು ತಮ್ಮ ಕೆಲಸಗಾರರನ್ನು ಸೆಳೆದುಕೊಳ್ಳಬಾರದೆಂದು ಕಂಪನಿಗಳು ನಿಜ ಹೆಸರು ಹಾಕಲು ಬಿಡುತ್ತಿರಲಿಲ್ಲ. ಅಟಾರಿಯ ಅಡ್ವೆಂಚರ್‌ನಲ್ಲಿ ವಾರೆನ್ ರಾಬಿನೆಟ್ ತನ್ನ ಹೆಸರನ್ನು ಗುಪ್ತ ಕೋಣೆಯೊಳಗೆ ಬಚ್ಚಿಟ್ಟದ್ದೂ ಹೆಸರು ಹಾಕಲು ಅವಕಾಶ ಇಲ್ಲದ ಕಾಲದಲ್ಲೇ. ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ಜೋಡಿಸುವ ಮುನ್ನ ಹೆಸರಲ್ಲದೆ ಇನ್ನೊಂದು ಆಧಾರವಾದರೂ ಬೇಕು. ‘ವಿಶೇಷ ಧನ್ಯವಾದ’ ಪಟ್ಟಿಯಲ್ಲಿದ್ದವರು ಡೆವಲಪರ್ ಅಲ್ಲ. ಹುಟ್ಟಿದ ದಿನ, ಊರು, ಇಮೇಲ್ ಇವಕ್ಕೆ ಕಾಲಂ ಬೇಡವೇ ಬೇಡ. ಹೆಸರು ಬದಲಿಸಿಕೊಂಡವರು ಕೇಳಿದರೆ ಎಲ್ಲೆಡೆ ಹೊಸ ಹೆಸರೇ ಕಾಣುವಂತೆ ಮಾಡಿ, ಅದಕ್ಕೆ ಸಾರ್ವಜನಿಕ ಚರ್ಚೆ ನಡೆಸಬೇಡಿ.

6. ಆಧಾರ

ಯಾವುದಕ್ಕೆ ಎಷ್ಟು ತೂಕ ಎಂಬುದು ಮೊದಲೇ ಗೊತ್ತಿರಲಿ. ಆಟದೊಳಗಿನ ಪರದೆ, ಪೆಟ್ಟಿಗೆ, ಕೈಪಿಡಿ ಎಲ್ಲಕ್ಕಿಂತ ಮೇಲೆ. ನಂತರ ಆ ಕಾಲದ ಪತ್ರಿಕೆ, ಜಾಹೀರಾತು, ಕಂಪನಿಯ ಪ್ರಕಟಣೆ. ಆಮೇಲೆ ಅಂಗಡಿಯ ಪುಟ. ಬೇರೆ ಡೇಟಾಬೇಸ್ ಅಥವಾ ಅಭಿಮಾನಿಗಳ ವಿಕಿ ಕಟ್ಟಕಡೆಗೆ, ಅದೂ ಸುಳಿವಾಗಿ ಮಾತ್ರ. ಏಕೆಂದರೆ ಇವರು ಅವರಿಂದ, ಅವರು ನಿಮ್ಮಿಂದಲೇ ಎತ್ತಿಕೊಂಡಿರಬಹುದು: ನಿಮ್ಮಲ್ಲಿ ಯಾರೋ ಊಹಿಸಿ ಹಾಕಿದ ತಾರೀಖು ವಿಕಿಗೆ ಹೋಗಿ, ಅಲ್ಲಿಂದ ಸುದ್ದಿ ಲೇಖನಕ್ಕೆ ಹೋಗಿ, ಕೊನೆಗೆ ಆ ಲೇಖನವೇ ನಿಮ್ಮ ಎಂಟ್ರಿಗೆ ‘ಆಧಾರ’ವಾಗಿ ಮರಳುತ್ತದೆ. ಅನುಮಾನ ಬಂದರೆ ನಿಮ್ಮ ಎಡಿಟ್ ಇತಿಹಾಸದಲ್ಲಿ ಆ ಮೌಲ್ಯ ಮೊದಲು ಕಾಣಿಸಿದ ದಿನವನ್ನು ಲೇಖನದ ದಿನದೊಂದಿಗೆ ಹೋಲಿಸಿ. ಲೇಖನ ಆಮೇಲಿನದಾದರೆ ಅದು ಆಧಾರವಲ್ಲ.

ಆಧಾರದ ಟಿಪ್ಪಣಿ ಹೀಗಿರಲಿ: ‘ಬಿಡುಗಡೆ 1991-11-01ರಿಂದ 1991-11ಕ್ಕೆ ಬದಲು. ಹಿಂದಿನದಕ್ಕೆ ಆಧಾರ ಇರಲಿಲ್ಲ. ಅಮೆರಿಕ ಆವೃತ್ತಿಯ ಜಾಹೀರಾತಿನಲ್ಲಿ ತಿಂಗಳು ಮಾತ್ರ ಇದೆ, ಸ್ಕ್ಯಾನ್ ಲಗತ್ತಿಸಿದೆ.’ ‘ಸರಿಪಡಿಸಿದೆ’ ಎಂಬ ಒಂದೇ ಪದದ ಟಿಪ್ಪಣಿಯಿಂದ ಮುಂದಿನವರಿಗೆ ಏನೂ ಪ್ರಯೋಜನವಿಲ್ಲ.

ಕೊಂಡಿ ಕೊಟ್ಟ ದಿನವೇ ಆ ಪುಟವನ್ನು ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ, ಉಳಿಸಿದ ಪ್ರತಿಯ ವಿಳಾಸವನ್ನೂ ಹಾಕಿ. ಅಂಗಡಿಗಳೇ ಮುಚ್ಚಿಹೋಗುತ್ತವೆ. ನಿಂಟೆಂಡೋ 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ ಖರೀದಿ ನಿಂತದ್ದು 2023ರ ಮಾರ್ಚ್ 27ರಂದು, ಎಕ್ಸ್‌ಬಾಕ್ಸ್ 360ರ ಅಂಗಡಿ ಮುಚ್ಚಿದ್ದು 2024ರ ಜುಲೈ 29ರಂದು. ಡಿಜಿಟಲ್ ಆಗಿ ಮಾತ್ರ ಬಂದ ಆಟಕ್ಕೆ ಪೆಟ್ಟಿಗೆಯೂ ಇಲ್ಲ, ಕೈಪಿಡಿಯೂ ಇಲ್ಲ. ಅಂಗಡಿಯ ಪುಟ ಹೋದರೆ ಸಾಕ್ಷಿಯೇ ಹೋಯಿತು. ಯಾವುದಾದರೂ ಅಂಗಡಿ ಮುಚ್ಚುವ ಸುದ್ದಿ ಬಂದರೆ ಬಾಕಿ ಕೆಲಸವೆಲ್ಲ ಬದಿಗಿಟ್ಟು ಅಲ್ಲಿನ ಆಟಗಳ ಗಾತ್ರ, ಬೆಲೆ, ತಾರೀಖು, ವಯೋಮಿತಿ, ಪರದೆ ಚಿತ್ರ ಇಷ್ಟನ್ನು ಬರೆದುಕೊಳ್ಳಿ.

7. ಚಿತ್ರಗಳು

ಹಳೆಯ ಕನ್ಸೋಲ್‌ನ ಸ್ಕ್ರೀನ್‌ಶಾಟ್ ಅದರ ಸ್ವಂತ ಅಳತೆಯಲ್ಲೇ ಇರಲಿ: ಎನ್‌ಇಎಸ್ 256×240, ಗೇಮ್ ಬಾಯ್ 160×144, ಮೆಗಾ ಡ್ರೈವ್ ಸಾಮಾನ್ಯವಾಗಿ 320×224. ಎಮ್ಯುಲೇಟರ್‌ನ (ಹಳೆಯ ಕನ್ಸೋಲ್‌ನ ಹಾಗೆ ನಡೆದುಕೊಳ್ಳುವ ಸಾಫ್ಟ್‌ವೇರ್) ಫಿಲ್ಟರ್ ಎಲ್ಲ ಆರಿಸಿ, ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್ ಆದರೆ ಅಂಚುಗಳ ಸುತ್ತ ಮಸುಕು ಕೂರುತ್ತದೆ, ಅದನ್ನು ಮತ್ತೆ ತೆಗೆಯಲಾಗದು. ಹಿಗ್ಗಿಸಿ ತೋರಿಸುವುದು ಪುಟದ ಕೆಲಸ, ಫೈಲಿನದಲ್ಲ. ಕವರ್ ಸ್ಕ್ಯಾನ್‌ಗೆ 300 ಡಿಪಿಐ ಕನಿಷ್ಠ, ಹಿಂಬದಿಯ ಸಣ್ಣ ಅಕ್ಷರ ಓದಬೇಕಿದ್ದರೆ 600. ಕವರ್ ಚಿತ್ರದ ಹಕ್ಕು ಪ್ರಕಾಶಕರದ್ದು ಎಂಬುದನ್ನು ಪ್ರತಿ ಚಿತ್ರದ ಕೆಳಗೂ ನಮೂದಿಸಿ, ನಿಮ್ಮ ಪಠ್ಯದ ಲೈಸೆನ್ಸ್ ಅದಕ್ಕೆ ಅನ್ವಯಿಸದು.

8. ಎಡಿಟ್ ಸರತಿ

ಹೊಸಬರ ಮೊದಲ ಇಪ್ಪತ್ತೈದು ಎಡಿಟ್ ಯಾರಾದರೂ ನೋಡಿದ ಮೇಲೆ ಪ್ರಕಟವಾಗಲಿ. ಆಮೇಲೆ ಹೊಸ ಸೇರ್ಪಡೆ ನೇರ, ಇದ್ದದ್ದನ್ನು ಬದಲಿಸುವುದು ಸರತಿಗೆ, ಅಳಿಸುವುದು ಮತ್ತು ಮರ್ಜ್ ಮಾಡುವುದು ಯಾರೇ ಆದರೂ ಇನ್ನೊಬ್ಬರ ಒಪ್ಪಿಗೆಗೆ. ಮ್ಯೂಸಿಕ್‌ಬ್ರೇನ್ಜ್‌ನಲ್ಲಿ ಬದಲಾವಣೆಗಳು ಮತಕ್ಕಾಗಿ ಏಳು ದಿನ ತೆರೆದಿರುತ್ತವೆ. ಆ ಅವಧಿ ಗೇಮ್ ಡೇಟಾಕ್ಕೂ ಹೊಂದುತ್ತದೆ. ಸರತಿ ಎರಡು ವಾರ ದಾಟಿ ಬೆಳೆದರೆ ಹೊಸಬರು ಬಿಟ್ಟುಹೋಗುತ್ತಾರೆ, ಮಾಡರೇಟರ್‌ಗಳು ಕಣ್ಣುಮುಚ್ಚಿ ಒಪ್ಪಿಗೆ ಒತ್ತತೊಡಗುತ್ತಾರೆ. ಆಗ ನಿಯಮ ಸಡಿಲಿಸಿ, ಇಲ್ಲವೇ ಪ್ಲಾಟ್‌ಫಾರ್ಮ್‌ವಾರು ಜವಾಬ್ದಾರಿ ಹಂಚಿ. ತಿರಸ್ಕರಿಸುವಾಗ ಯಾವ ನಿಯಮ, ಏನು ಸೇರಿಸಿದರೆ ಒಪ್ಪುತ್ತೇವೆ ಎಂಬ ಎರಡು ಸಾಲು ಬರೆಯಿರಿ.

ದೊಡ್ಡ ಆಟ ಬಿಡುಗಡೆಯಾಗುವ ವಾರ ಕನ್ಸೋಲ್ ಅಭಿಮಾನಿಗಳ ಜಗಳ ನಿಮ್ಮ ಪುಟಕ್ಕೂ ಬರುತ್ತದೆ. ಆ ಒಂದು ಪುಟಕ್ಕೆ ಹತ್ತು ದಿನ ಬೀಗ ಹಾಕಿದರೆ ಸಾಕು, ಇಡೀ ತಾಣಕ್ಕೆ ಬೇಡ. ಸ್ಟುಡಿಯೋದವರು ತಮ್ಮ ಆಟವನ್ನು ತಾವೇ ತಿದ್ದುವುದನ್ನು ತಡೆಯಬೇಡಿ, ಅವರಿಗೇ ಗೊತ್ತಿರುವ ಸಂಗತಿ ಬಹಳ ಇರುತ್ತದೆ. ಖಾತೆಗೆ ಗುರುತು ಹಾಕಿ, ವಿವರಣೆಯಲ್ಲಿ ಜಾಹೀರಾತಿನ ಭಾಷೆ ಕಂಡರೆ ಕತ್ತರಿಸಿ.

9. ನಕಲು ಹುಡುಕುವುದು, ಮರ್ಜ್ ಮಾಡುವುದು

ಎರಡು ಎಂಟ್ರಿ ಇರುವುದು ಕಿರಿಕಿರಿ. ತಪ್ಪಾಗಿ ಒಂದಾದ ಎರಡು ಆಟ ಅನಾಹುತ, ಏಕೆಂದರೆ ಯಾವ ಸ್ಕ್ರೀನ್‌ಶಾಟ್, ಯಾವ ಹೆಸರು ಯಾವುದರದ್ದು ಎಂದು ಕೈಯಿಂದಲೇ ಬಿಡಿಸಬೇಕು. 2006ರ ಪ್ರೇ ಮತ್ತು 2017ರ ಪ್ರೇ ಒಂದಾದರೆ ಇಬ್ಬರು ಡೆವಲಪರ್‌ಗಳ ಜನರೂ ಒಂದೇ ಪಟ್ಟಿಯಲ್ಲಿ ಬೆರೆಯುತ್ತಾರೆ.

ಹುಡುಕಲು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನ ಟ್ರೈಗ್ರಾಮ್ ವಿಸ್ತರಣೆ (ಮೂರು ಮೂರು ಅಕ್ಷರದ ತುಣುಕುಗಳಿಂದ ಹೆಸರುಗಳ ಹೋಲಿಕೆ ಅಳೆಯುವುದು) ಸಾಕು. ಅದರ ಸಹಜ ಹೋಲಿಕೆ ಮಿತಿ 0.3, ಆಟದ ಹೆಸರುಗಳಿಗೆ ಅದು ತೀರ ಸಡಿಲ, 0.6ರಿಂದ ಶುರುಮಾಡಿ ನೋಡಿ. ಕ್ರೀಡಾ ಸರಣಿಗಳಲ್ಲಿ ‘98’ ಮತ್ತು ‘99’ ನಡುವೆ ಇರುವುದು ಒಂದೇ ಅಂಕಿಯ ವ್ಯತ್ಯಾಸ, ಆದ್ದರಿಂದ ಅಂಕಿ ಬೇರೆ ಇದ್ದರೆ ಆ ಜೋಡಿಯನ್ನು ಪಟ್ಟಿಯಿಂದಲೇ ತೆಗೆಯಿರಿ. ರೋಮನ್ ಅಂಕಿಯನ್ನು ಮೊದಲು ಸಾಮಾನ್ಯ ಅಂಕಿ ಮಾಡಿಕೊಳ್ಳಿ. ಪಟ್ಟಿ ಸಿಕ್ಕ ಮೇಲೆ ಕೆಲಸ ಮನುಷ್ಯರದ್ದು:

1. ಎರಡೂ ಎಂಟ್ರಿಗಳ ಪ್ಲಾಟ್‌ಫಾರ್ಮ್, ಡೆವಲಪರ್, ಟೈಟಲ್ ಸ್ಕ್ರೀನ್ ಪಕ್ಕಪಕ್ಕದಲ್ಲಿಟ್ಟು ನೋಡಿ. ಟೈಟಲ್ ಸ್ಕ್ರೀನ್ ಬೇರೆಯಾಗಿ ಕಂಡರೆ ಅಲ್ಲೇ ನಿಲ್ಲಿ.
2. ಹೊರಗಿನ ಐಡಿಗಳು ಪರಸ್ಪರ ವಿರುದ್ಧವಾಗಿವೆಯೇ ನೋಡಿ. ಎರಡಕ್ಕೂ ಬೇರೆ ಸ್ಟೀಮ್ ಸಂಖ್ಯೆ ಇದ್ದರೆ ಕಾರಣ ತಿಳಿಯುವವರೆಗೆ ಮುಟ್ಟಬೇಡಿ.
3. ಹಳೆಯ ಐಡಿಯನ್ನೇ ಉಳಿಸಿ, ತುಂಬಿದ ವಿವರ ಹೊಸದರಲ್ಲಿ ಹೆಚ್ಚಿದ್ದರೂ ಸರಿ. ಹೊರಗಿನವರು ಹೆಚ್ಚು ಕೊಂಡಿ ಕೊಟ್ಟಿರುವುದು ಹಳೆಯದಕ್ಕೆ.
4. ಸೋಲುವ ಎಂಟ್ರಿಯ ಪೂರ್ತಿ ಪ್ರತಿಯನ್ನು ಮರ್ಜ್ ದಾಖಲೆಯಲ್ಲಿ ಇಡಿ, ಬಿಡಿಸಬೇಕಾದಾಗ ಇದೊಂದೇ ದಿಕ್ಕು.
5. ಎರಡರಲ್ಲೂ ಬೇರೆ ಮೌಲ್ಯ ಇರುವ ಕಾಲಂಗಳನ್ನು ಒಂದೊಂದಾಗಿ ಆರಿಸಿ. ‘ಹೊಸದು ಗೆಲ್ಲಲಿ’ ಎಂಬ ಗುಂಡಿ ಇರಲೇಬಾರದು.
6. ಸೋತ ಎಂಟ್ರಿಯ ವಿಳಾಸ ಗೆದ್ದದ್ದಕ್ಕೆ ಹೋಗುತ್ತಿದೆಯೇ ಎಂದು ಕ್ಲಿಕ್ ಮಾಡಿ ನೋಡಿ.

10. ರಾಶಿ ಇಂಪೋರ್ಟ್

ಮೊದಲು ಐವತ್ತು ಎಂಟ್ರಿ ಹಾಕಿ, ಐವತ್ತನ್ನೂ ಕಣ್ಣಾರೆ ನೋಡಿ, ಆಮೇಲೆ ಐನೂರು. ಪ್ರತಿ ಸಾಲಿಗೂ ಆ ಕಂತಿನ ಗುರುತು ಇರಲಿ, ಇಡೀ ಕಂತನ್ನು ಒಂದೇ ಆಜ್ಞೆಯಿಂದ ಹಿಂದೆಗೆಯುವಂತಿರಲಿ. ಬಾಟ್ (ತಾನೇ ಎಡಿಟ್ ಮಾಡುವ ಸ್ಕ್ರಿಪ್ಟ್) ಖಾಲಿ ಕಾಲಂ ಮಾತ್ರ ತುಂಬಬೇಕು; ಮನುಷ್ಯ ಆಧಾರ ಕೊಟ್ಟು ಹಾಕಿದ್ದನ್ನು ಮೇಲೆಬರೆಯುವ ಹಕ್ಕು ಅದಕ್ಕಿಲ್ಲ. ಬಾಟ್‌ಗೆ ಬೇರೆ ಖಾತೆ ಇರಬೇಕು, ಇಲ್ಲದಿದ್ದರೆ ಇತ್ತೀಚಿನ ಬದಲಾವಣೆಗಳ ಪುಟದಲ್ಲಿ ಮನುಷ್ಯರ ಎಡಿಟ್ ಕಾಣದೇ ಹೋಗುತ್ತದೆ.

ಹ್ಯಾಶ್‌ನಿಂದ, ಅಂದರೆ ಆಟದ ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆಯಿಂದ, ಆಟ ಗುರುತಿಸುವವರಿಗೆ ಒಂದು ಎಚ್ಚರಿಕೆ. ಎನ್‌ಇಎಸ್ ಫೈಲ್‌ಗಳ ಮುಂದೆ 16 ಬೈಟ್‌ನ ಹೆಡರ್ ಇರುತ್ತದೆ. ಅದು ಕಾರ್ಟ್ರಿಡ್ಜ್‌ನದ್ದಲ್ಲ, ಎಮ್ಯುಲೇಟರ್‌ಗಾಗಿ ಆಮೇಲೆ ಸೇರಿಸಿದ್ದು. ಅದರಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆ, ಒಳಗಿನ ಆಟ ಅದೇ. ಸೂಪರ್ ನಿಂಟೆಂಡೋದ ಕೆಲವು ಹಳೆಯ ಫೈಲ್‌ಗಳ ಮುಂದೆ 512 ಬೈಟ್ ಇರುತ್ತದೆ. ಹೆಡರ್ ಕಳೆದ ಮೇಲೆ ಹ್ಯಾಶ್ ಲೆಕ್ಕ ಹಾಕಿ, ಕಾರ್ಟ್ರಿಡ್ಜ್‌ಗಳಿಗೆ ನೋ-ಇಂಟ್ರೋ, ಡಿಸ್ಕ್‌ಗಳಿಗೆ ರೀಡಂಪ್ ಎಂಬ ಹ್ಯಾಶ್ ಪಟ್ಟಿಯೊಂದಿಗೆ ಹೋಲಿಸಿ. ಹ್ಯಾಶ್ ಇಟ್ಟುಕೊಳ್ಳಿ, ಆಟದ ಫೈಲ್ ಇಟ್ಟುಕೊಳ್ಳಬೇಡಿ, ಕೊಂಡಿಯೂ ಕೊಡಬೇಡಿ.

ಇಂಪೋರ್ಟ್ ಮಾಡುವ ಮುನ್ನ ಆ ಡೇಟಾದ ಲೈಸೆನ್ಸ್ ಓದಿ. ವಿಕಿಡೇಟಾ ಎಂಬ ಮುಕ್ತ ಡೇಟಾಬೇಸ್‌ನದ್ದು ಸಿಸಿ0 ಲೈಸೆನ್ಸ್, ಯಾವ ಷರತ್ತೂ ಇಲ್ಲ. ಬೇರೆಡೆ ಬಿಡಿ ಸಂಗತಿಗೆ ಹಕ್ಕುಸ್ವಾಮ್ಯ ಇಲ್ಲ ಎಂದು ಇಡೀ ತಾಣವನ್ನು ಕೆರೆದು ತರುವವರಿದ್ದಾರೆ. ಆದರೆ ಯುರೋಪಿನಲ್ಲಿ 1996ರ ನಿರ್ದೇಶನದ ಪ್ರಕಾರ ಡೇಟಾಬೇಸ್ ಕಟ್ಟಲು ಹಾಕಿದ ಬಂಡವಾಳಕ್ಕೇ 15 ವರ್ಷದ ಪ್ರತ್ಯೇಕ ರಕ್ಷಣೆ ಇದೆ. ನಿಮ್ಮ ಡೇಟಾಕ್ಕೂ ಮೊದಲ ದಿನವೇ ಲೈಸೆನ್ಸ್ ಹಾಕಿ. ಸಾವಿರ ಜನ ಬರೆದಾದ ಮೇಲೆ ಬದಲಿಸಬೇಕಾದರೆ ಸಾವಿರ ಜನರ ಒಪ್ಪಿಗೆ ಕೇಳಬೇಕು.

11. ವಾರದ ಕೆಲಸ

ಒಬ್ಬರು ಎರಡು ಗಂಟೆ ಕೊಟ್ಟರೆ ಇಷ್ಟು ಆಗುತ್ತದೆ: ಆಧಾರವಿಲ್ಲದೆ ಬದಲಾದ ದಿನಾಂಕಗಳ ಪಟ್ಟಿ, ಸತ್ತ ಕೊಂಡಿಗಳ ಪಟ್ಟಿ, ಬಿಡುಗಡೆ ದಿನ ಕಳೆದೂ ‘ಬರಲಿದೆ’ ಎಂದೇ ಇರುವ ಆಟಗಳು, ಒಂದೇ ಹೊರಗಿನ ಐಡಿ ಹೊತ್ತ ಎರಡು ಎಂಟ್ರಿಗಳು. ಕೊನೆಯದೇ ಹೆಚ್ಚು ಫಲ ಕೊಡುವುದು, ಅಲ್ಲಿಂದಲೇ ಶುರುಮಾಡಿ.

ಬ್ಯಾಕಪ್ ದಿನಕ್ಕೊಮ್ಮೆ, ಒಂದು ಪ್ರತಿ ಬೇರೆ ಜಾಗದ ಬೇರೆ ಖಾತೆಯಲ್ಲಿ. ಚಿತ್ರಗಳ ಫೋಲ್ಡರ್ ಡೇಟಾಬೇಸ್ ಬ್ಯಾಕಪ್‌ನಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರದಲ್ಲಿ ಬ್ಯಾಕಪ್ ತೆರೆದು ಎಂಟ್ರಿಗಳ ಸಂಖ್ಯೆ, ಕೊನೆಯ ಎಡಿಟ್‌ನ ಸಮಯ, ಬೇಕೆಂದೇ ಆರಿಸಿದ ಹತ್ತು ಪುಟಗಳ ಚಿತ್ರ ತಾಳೆ ನೋಡಿ. ಆ ಹತ್ತರಲ್ಲಿ ಕನ್ನಡ ಹೆಸರಿನದ್ದು ಒಂದು, ಜಪಾನಿಯದ್ದು ಒಂದು ಇರಲಿ. ಅಕ್ಷರ ಸಂಕೇತ ಕೆಟ್ಟಿದ್ದರೆ ಇಂಗ್ಲಿಷ್ ಪುಟಗಳಲ್ಲಿ ಗೊತ್ತೇ ಆಗುವುದಿಲ್ಲ, ಇವೆರಡರಲ್ಲಿ ಬರೀ ಪ್ರಶ್ನೆಚಿಹ್ನೆಗಳ ಸಾಲು ಕಾಣುತ್ತದೆ.